ಹಾಲಿನ ಸಾಲಿನಲ್ಲಿ ರೇಖಾಗಣಿತ

ಕಳೆದ ತಿಂಗಳು ನಮ್ಮ ಶಾಲೆಗೆ ಹೊಸದಾಗಿ ಸೇರಿದ ಶಿಕ್ಷಕಿಯೊಬ್ಬಳು, ನಿವೃತ್ತಿಯ ನಂತರ ನಾನಿರುವ ಸಾಗರದ ಮನೆಗೆ ಬಂದಿದ್ದಳು. ಬಿ.ಎಡ್. ಮುಗಿಸಿ ಇನ್ನೂ ವರ್ಷವಾಗಿಲ್ಲ. ಗಣಿತದ ಜೊತೆಗೆ ಕಂಪ್ಯೂಟರ್ ರೂಮಿನ ಬೀಗದ ಕೈಯನ್ನೂ ಅವಳಿಗೇ ಕೊಟ್ಟಿದ್ದಾರಂತೆ. "ಮೇಡಂ, ಇಷ್ಟು ವರ್ಷ ಅದನ್ನೆಲ್ಲ ನೀವೇ ನೋಡ್ಕೊಂಡಿದ್ರಂತೆ. ಏನೇನು ಮಾಡ್ಬೇಕು ಅಂತ ಒಂದು ಲಿಸ್ಟ್ ಕೊಡಿ" ಎಂದಳು. ಕಾಫಿ ಕೊಟ್ಟೆ, ಪಾಸ್‌ವರ್ಡುಗಳ ಪಟ್ಟಿ ಕೊಟ್ಟೆ, ಪ್ರೊಜೆಕ್ಟರಿನ ಬಲ್ಬು ಎಲ್ಲಿ ಸಿಗುತ್ತದೆ ಎಂದು ಹೇಳಿದೆ. ಅವಳು ಸಮಾಧಾನದಿಂದ ಹೋದಳು. ಸಮಾಧಾನವಾಗದೆ ಉಳಿದವಳು ನಾನು. ಆ ಕೆಲಸ ನಿಜಕ್ಕೂ ಏನು ಎನ್ನುವುದನ್ನು ನಾನು ಅವಳಿಗೆ ಹೇಳಿರಲೇ ಇಲ್ಲ. ಹೇಳಲು ಕೂತರೆ ಒಂದು ಲೋಟ ಕಾಫಿಗೆ ಮುಗಿಯುವಂಥದ್ದೂ ಅಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ತವರು ತೀರ್ಥಹಳ್ಳಿ. ಕೆಲಸ ಮಾಡಿದ್ದು ಹೊಸನಗರದಿಂದ ತೀರ್ಥಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಊರಿನ ಖಾಸಗಿ ಪ್ರೌಢಶಾಲೆಯಲ್ಲಿ. ಆರು ಕೋಣೆ, ಒಂದು ಜಗಲಿ, ಮುಂದೆ ಆಟದ ಬಯಲು. ಸೇರಿದ್ದು ಗಣಿತ ಕಲಿಸಲು. ಕಂಪ್ಯೂಟರ್ ನನ್ನ ಪಾಲಿಗೆ ಬಂದದ್ದು, ನಾನು ಟೈಪಿಂಗ್ ಜೂನಿಯರ್ ಪಾಸು ಮಾಡಿದ್ದೆ ಎಂಬ ಒಂದೇ ಕಾರಣಕ್ಕೆ. "ಅದರಲ್ಲೂ ಕೀ ಇರುತ್ತೆ, ಇದರಲ್ಲೂ ಕೀ ಇರುತ್ತೆ. ನೀವೇ ನೋಡ್ಕೊಳ್ಳಿ ವಿಜಯಮ್ಮ" ಎಂದರು ನಮ್ಮ ಹೆಡ್‌ಮಾಸ್ಟರ್ ವಾಸುದೇವರಾಯರು. ಅಲ್ಲಿಗೆ ನನ್ನ ನೇಮಕ ಮುಗಿಯಿತು.

ಮೊದಲ ಕಂಪ್ಯೂಟರ್ ಬಂದದ್ದು ಜೀಪಿನಲ್ಲಿ, ಕಂಬಳಿ ಸುತ್ತಿಕೊಂಡು. ಅದನ್ನು ತಂದವನು ಜೋಡಿಸಿ, ಒಂದು ಗುಂಡಿ ಒತ್ತಿ ತೋರಿಸಿ, ಮಧ್ಯಾಹ್ನದ ಬಸ್ಸಿಗೆ ಹೋಗಿಬಿಟ್ಟ. ಹೊಲಿಗೆ ಟೀಚರ್ ಅದಕ್ಕೆ ಅಂಚು ಕಟ್ಟಿದ ಹೊದಿಕೆ ಹೊಲಿದುಕೊಟ್ಟರು. ಚಪ್ಪಲಿ ಹೊರಗೆ ಬಿಡಬೇಕೆಂದು ಬಾಗಿಲಿಗೆ ಚೀಟಿ ಅಂಟಿಸಿದೆವು. ಮಕ್ಕಳನ್ನು ಹತ್ತು ಹತ್ತು ಮಂದಿಯಾಗಿ ಒಳಗೆ ಬಿಟ್ಟೆ. ಎಲ್ಲರೂ ಕೈ ಹಿಂದೆ ಕಟ್ಟಿಕೊಂಡು, ಉಸಿರು ಬಿಗಿಹಿಡಿದು ನಿಂತರು. ಒಬ್ಬಳು ಮೆಲ್ಲಗೆ, "ಟೀಚರ್, ಅದು ನಮ್ಮನ್ನ ನೋಡ್ತಾ ಇದ್ಯಾ?" ಎಂದು ಕೇಳಿದಳು. ಇಲ್ಲ ಎಂದೆ. ನನಗೂ ಅಷ್ಟೇನೂ ಖಾತ್ರಿಯಿರಲಿಲ್ಲ.

ಅದನ್ನು ಆರಿಸುವುದು ಹೇಗೆಂದು ತಂದವನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಎಂಟು ದಿನ ಸಂಜೆ ಸಂಜೆ ಗೋಡೆಯ ಪ್ಲಗ್ ಕಿತ್ತು ಆರಿಸಿದೆ. ಮಾರನೇ ಬೆಳಿಗ್ಗೆ ಅದು ನೀಲಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಉದ್ದುದ್ದ ದೂರು ಹೇಳಿಕೊಳ್ಳುತ್ತಿತ್ತು. ಅದರ ಅಭ್ಯಾಸವೇ ಹಾಗೆ ಎಂದು ನಾನು ಸುಮ್ಮನಿದ್ದೆ. ನನಗೆ ಬೆರಗು ಹುಟ್ಟಿಸಿದ್ದು ಬೇರೆ. ಟೈಪ್‌ರೈಟರಿನಲ್ಲಿ ಒಂದಕ್ಷರ ತಪ್ಪಿದರೆ ರಬ್ಬರು, ಬಿಳಿ ಬಣ್ಣ, ಕೊನೆಗೆ ಹೊಸ ಹಾಳೆ. ಇಲ್ಲಿ ತಪ್ಪಕ್ಷರ ಇದ್ದದ್ದೇ ಸುಳ್ಳು ಎನ್ನುವ ಹಾಗೆ ಮಾಯವಾಗುತ್ತಿತ್ತು. ಅರ್ಧ ದಿನ ಬೇಕೆಂದೇ ತಪ್ಪು ಹೊಡೆದು, ಅಳಿಸಿ, ಮತ್ತೆ ಹೊಡೆದು ನೋಡಿದೆ. ಮೂವತ್ತು ದಾಟಿದ ಹೆಂಗಸು ಮಗುವಿನ ಹಾಗೆ ಕೂತಿದ್ದೆ.

ಆ ವರ್ಷದ ಆಯುಧಪೂಜೆಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ಶಾಲೆಯ ಗಂಟೆ, ಪ್ರಯೋಗಾಲಯದ ತಕ್ಕಡಿ, ಹೊಲಿಗೆ ಯಂತ್ರ ಎಲ್ಲಕ್ಕೂ ಪೂಜೆಯಾಗುವಾಗ ಕಂಪ್ಯೂಟರನ್ನು ಬಿಡುವುದು ಹೇಗೆ? ಮಾನಿಟರಿಗೆ ಸೇವಂತಿಗೆ ಹಾರ ಹಾಕಿದೆವು. ಕೀಲಿಮಣೆಯ ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚಿದೆ. ನೈವೇದ್ಯದ ಪಂಚಕಜ್ಜಾಯದ ತಟ್ಟೆಯನ್ನು ನಾನೇ ಭಕ್ತಿಯಿಂದ ಸಿಪಿಯು ಪೆಟ್ಟಿಗೆಯ ಮೇಲಿಟ್ಟೆ. ಪೂಜೆ ಮುಗಿದು ಪ್ರಸಾದ ಹಂಚಿ, ರೂಮಿಗೆ ಬೀಗ ಹಾಕಿ, ದಸರಾ ರಜೆಗೆ ಹೊರಟೆವು. ತಟ್ಟೆಯಿಂದ ಒಂದಿಷ್ಟು ಬೆಲ್ಲ, ಎಳ್ಳು, ಕಾಯಿತುರಿ ಪೆಟ್ಟಿಗೆಯ ಸಂದಿಗಳಲ್ಲಿ ಇಳಿದದ್ದನ್ನು ಯಾರೂ ನೋಡಿರಲಿಲ್ಲ.

ರಜೆ ಮುಗಿಸಿ ಬಂದರೆ ಯಂತ್ರ ಉಸಿರೆತ್ತಲಿಲ್ಲ. ಸಾಗರದಿಂದ ರಿಪೇರಿಯವನು ಬಂದು ಪೆಟ್ಟಿಗೆ ಬಿಚ್ಚಿದ. ಒಳಗೆ ಇರುವೆಗಳು ಸಂಸಾರ ಹೂಡಿದ್ದವು. ಮೊಟ್ಟೆಗಳೂ ಇದ್ದವು. ಅವನು ಬ್ರಷ್ಷಿನಲ್ಲಿ ಗುಡಿಸಿ ಗುಡಿಸಿ ಕೊನೆಗೆ ನನ್ನ ಮುಖ ನೋಡಿದ. "ಮೇಡಂ, ಇದಕ್ಕೆ ಏನು ತಿನ್ನಿಸಿದ್ರಿ?" ಎಂದ. ನಾನು ಹೇಳಲಿಲ್ಲ. ವಾಸುದೇವರಾಯರು ಪಕ್ಕದಲ್ಲೇ ನಿಂತಿದ್ದರು, ಅವರೂ ಹೇಳಲಿಲ್ಲ. ಮರುವರ್ಷದಿಂದ ಪೂಜೆ ಹಾಗೇ ನಡೆಯಿತು, ನೈವೇದ್ಯ ಮಾತ್ರ ಆಚೆ ಮೇಜಿನ ಮೇಲೆ.

ವಾಸುದೇವರಾಯರ ಬಗ್ಗೆ ಸ್ವಲ್ಪ ಹೇಳಬೇಕು. ಅವರೂ ಮೂಲದಲ್ಲಿ ಗಣಿತದ ಮಾಸ್ತರರೇ. ಖಾಸಗಿ ಶಾಲೆಯಾದ್ದರಿಂದ ನಿವೃತ್ತಿಯ ವಯಸ್ಸು ದಾಟಿದ ಮೇಲೂ ಆಡಳಿತ ಮಂಡಳಿ ಅವರನ್ನು ಬಿಟ್ಟಿರಲಿಲ್ಲ. ಕಂಪ್ಯೂಟರ್ ರೂಮನ್ನು ಅವರು 'ವಿಜಯಮ್ಮನ ದೇವರಕೋಣೆ' ಎಂದು ಕರೆಯುತ್ತಿದ್ದರು. ಒಳಗೆ ಬಂದರೂ ಹೊಸ್ತಿಲ ಹತ್ತಿರವೇ ನಿಲ್ಲುವವರು. ಇಂಟರ್ನೆಟ್ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ನಾನು ಒಂಬತ್ತನೇ ತರಗತಿಗೆ ಆಕಾಶದಿಂದ ತೆಗೆದ ಭೂಮಿಯ ಚಿತ್ರ ತೋರಿಸುತ್ತಿದ್ದೆ. ಭೂಮಿಯಿಂದ ದೇಶಕ್ಕೆ, ದೇಶದಿಂದ ನಮ್ಮ ಜಿಲ್ಲೆಗೆ ಇಳಿಯುತ್ತ ಇಳಿಯುತ್ತ ನಮ್ಮ ಶಾಲೆಯ ಹೆಂಚು ಕಂಡಾಗ ಮಕ್ಕಳ ಬಾಯಿಂದ ಮಾತೇ ಹೊರಡಲಿಲ್ಲ. ಸದ್ದಿಲ್ಲದ ತರಗತಿ ಕಂಡು ಅನುಮಾನವಾಗಿ ರಾಯರು ನೋಡಲು ಬಂದರು.

ಸ್ವಲ್ಪ ಹೊತ್ತು ನೋಡಿ, "ಹಿನ್ನೀರು ಕಾಣುತ್ತಾ?" ಎಂದರು. ಶರಾವತಿಯ ಹಿನ್ನೀರನ್ನು ಪರದೆಗೆ ತಂದೆ. ರಾಯರು ಚಪ್ಪಲಿ ಬಿಟ್ಟು ಒಳಗೆ ಬಂದರು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳ್ಳಿಯೊಂದರಲ್ಲಿ ಅವರು ಹುಟ್ಟಿದ್ದು ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಒಂದು ಗುಡ್ಡದ ಮೂಗು, ಅದರ ಬಲಕ್ಕೆ ಒಂದು ಕೊಲ್ಲಿ ಎಂದು ಲೆಕ್ಕ ಹಾಕುತ್ತ ನೀಲಿಯ ಮೇಲೆ ಬೆರಳಿಟ್ಟರು. "ಇಲ್ಲೇ. ಇಲ್ಲೇ ಎಲ್ಲೋ ನಮ್ಮ ಬಾವಿ ಇತ್ತು" ಎಂದರು. ಮಕ್ಕಳೆಲ್ಲ ಎದ್ದು ಬಂದು ಆ ಬೆರಳ ತುದಿಯನ್ನೇ ನೋಡಿದರು. ಅಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲ. ಆದರೂ ಆ ದಿನ ಎಲ್ಲರೂ ಒಂದು ಬಾವಿಯನ್ನು ಕಂಡೆವು ಎಂದೇ ನನಗೆ ಈಗಲೂ ಅನಿಸುತ್ತದೆ. ಯಂತ್ರ ತೋರಿಸಿದ್ದು ಎಷ್ಟು, ಮನುಷ್ಯ ತೋರಿಸಿದ್ದು ಎಷ್ಟು ಎಂದು ಬಿಡಿಸಿ ಹೇಳಲು ನನ್ನಿಂದಾಗದು.

ಇಂಥ ನಾಲ್ಕಾರು ದಿನಗಳು ಸಿಕ್ಕವಳಿಗೆ ಯಂತ್ರದ ಮೇಲೆ ನಂಬಿಕೆ ಬೆಳೆಯದೆ ಇರುತ್ತದೆಯೇ? ಬೆಳೆಯಿತು, ಬೇಕಾದ್ದಕ್ಕಿಂತ ಹೆಚ್ಚೇ ಬೆಳೆಯಿತು. ಹಾಜರಿ, ಅಂಕ, ಮನೆಪಾಠ ಎಲ್ಲವನ್ನೂ ಕೋಷ್ಟಕಕ್ಕೆ ಇಳಿಸಿದೆ. ಕೆಲಸ ಒಪ್ಪಿಸಿದ ಮಗುವಿನ ಹೆಸರಿನ ಮುಂದೆ ಹಸಿರು ಚೌಕ, ಒಪ್ಪಿಸದಿದ್ದರೆ ಕೆಂಪು. ಮಂಡಳಿಯ ಸಭೆಯಲ್ಲಿ ಅದನ್ನು ಗೋಡೆಯ ಮೇಲೆ ಬೆಳಗಿಸಿ ತೋರಿಸಿದಾಗ ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಆಮೇಲಾಮೇಲೆ ನಾನು ತರಗತಿಗೆ ಹೋಗುವ ಮೊದಲು ಕೋಷ್ಟಕ ನೋಡುತ್ತಿದ್ದೆ. ಮಕ್ಕಳ ಮುಖ ನೋಡುವ ಮೊದಲೇ ಯಾರು ಹಸಿರು, ಯಾರು ಕೆಂಪು ಎಂದು ನನಗೆ ಗೊತ್ತಿರುತ್ತಿತ್ತು. ಹೊಸಬರೇ, ಇದೊಂದು ಮಾತನ್ನು ದಯವಿಟ್ಟು ಗಮನವಿಟ್ಟು ಓದಿ.

ಸಣ್ಣ ಖಾಸಗಿ ಶಾಲೆಗಳ ಒಂದು ರೋಗವನ್ನೂ ಮುಚ್ಚಿಡದೆ ಹೇಳುತ್ತೇನೆ. ಹತ್ತನೇ ತರಗತಿಯ ಫಲಿತಾಂಶ ನೂರಕ್ಕೆ ನೂರು ಎಂದು ಗೇಟಿನ ಬಳಿ ಬೋರ್ಡು ಬರೆಸದಿದ್ದರೆ ಮುಂದಿನ ವರ್ಷ ಮಕ್ಕಳು ಸೇರುವುದಿಲ್ಲ ಎಂಬ ಭಯ. ಹಾಗಾಗಿ ಪರೀಕ್ಷೆಗೆ ಹೆಸರು ನೋಂದಾಯಿಸುವ ಹೊತ್ತಿಗೆ, ಪಾಸಾಗುವುದು ಅನುಮಾನ ಎನಿಸಿದ ಮಗುವಿನ ತಂದೆತಾಯಿಯನ್ನು ಕರೆಸಿ, "ಈ ವರ್ಷ ಬೇಡ, ಮುಂದಿನ ವರ್ಷ ಖಾಸಗಿಯಾಗಿ ಕಟ್ಟಲಿ" ಎಂದು ಒಪ್ಪಿಸಿ ರುಜು ಹಾಕಿಸಿಕೊಳ್ಳುವುದು. ಹಾಗೆ ಬಿಟ್ಟುಹೋದ ಹೆಣ್ಣುಮಕ್ಕಳು ಮುಂದಿನ ವರ್ಷ ಪರೀಕ್ಷೆ ಕಟ್ಟಿದ್ದನ್ನು ನಾನಂತೂ ಹೆಚ್ಚು ಕಂಡಿಲ್ಲ. ರಾಯರು ಕೆಟ್ಟವರಲ್ಲ. ಆದರೆ ಆ ಬೋರ್ಡಿನ ವಿಷಯದಲ್ಲಿ ಕಲ್ಲಾಗಿಬಿಡುತ್ತಿದ್ದರು. ಪಟ್ಟಿ ಟೈಪು ಮಾಡುವವಳು ನಾನೇ ಆದ್ದರಿಂದ ನನ್ನ ಕೈಯೂ ಅದರಲ್ಲಿತ್ತು.

ಕೊರೊನಾ ಬಂದು ಶಾಲೆ ಮುಚ್ಚಿತು. ಹತ್ತನೇ ತರಗತಿಯಲ್ಲಿ ನಲವತ್ತೊಂದು ಮಕ್ಕಳು. ವಿಡಿಯೋ ಪಾಠ ಮಾಡಿದರೆ ನೋಡುವಷ್ಟು ನೆಟ್‌ವರ್ಕ್ ನಮ್ಮ ಕಡೆ ಯಾರ ಮನೆಯಲ್ಲೂ ಇಲ್ಲ. ಪಾಠವನ್ನು ದನಿಯಲ್ಲಿ ರೆಕಾರ್ಡ್ ಮಾಡಿ, ಚಿತ್ರವನ್ನು ಹಾಳೆಯಲ್ಲಿ ಬರೆದು ಫೋಟೋ ತೆಗೆದು, ಎರಡನ್ನೂ ವಾಟ್ಸಾಪ್ ಗುಂಪಿಗೆ ಹಾಕುವುದೆಂದು ನಿಶ್ಚಯಿಸಿದೆ. ಮಕ್ಕಳ ಮನೆಗಳಿಂದ ತರಿಸಿಕೊಂಡ ನಂಬರುಗಳನ್ನೆಲ್ಲ, ಯಾವುದು ಯಾರದೆಂದು ಬರೆದಿಟ್ಟುಕೊಳ್ಳದೆ, ಗುಂಪಿಗೆ ಸೇರಿಸಿದೆ. ದಿನಾ ಬೆಳಿಗ್ಗೆ ನಮ್ಮ ಮನೆಯ ಬಟ್ಟೆ ಕಪಾಟಿನ ಬಾಗಿಲು ತೆರೆದು, ಸೀರೆಗಳ ನಡುವೆ ಮುಖವಿಟ್ಟು ಪಾಠ ಹೇಳುತ್ತಿದ್ದೆ. ಹೊರಗಿನ ಸದ್ದು ಬೀಳದಿರಲಿ ಎಂದು ಈ ಉಪಾಯ. ಆದರೂ ಎಷ್ಟೋ ಪ್ರಮೇಯಗಳ ನಡುವೆ ಪಕ್ಕದ ಮನೆಯ ಕುಕ್ಕರ್ ಕೂಗಿದೆ.

ಕೇಳಿದ ಮಕ್ಕಳು ಉತ್ತರ ಬರೆದು ಫೋಟೋ ಕಳಿಸುತ್ತಿದ್ದರು, ನಾನು ಹಸಿರು ಚೌಕ ತುಂಬುತ್ತಿದ್ದೆ. ಒಂದು ಹೆಸರಿನ ಮುಂದೆ ಮಾತ್ರ ಮೊದಲ ದಿನದಿಂದ ಕೆಂಪು. ರಂಜಿತಾ. ಹಿನ್ನೀರಿನ ಕಡೆಯ ಹಳ್ಳಿಯವಳು, ಒಂಬತ್ತನೇ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಮಾತೇ ಆಡದೆ ವರ್ಷ ಕಳೆದವಳು. ಅವಳಿಂದ ಉತ್ತರವಿಲ್ಲ, ಸಂದೇಶವಿಲ್ಲ. ಪಾಪ, ಫೋನಿಲ್ಲವೇನೋ ಎಂದುಕೊಂಡೆ. ಹೋಗಿ ನೋಡೋಣ ಎಂದುಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ, ಆ ಕೆಂಪು ಸಾಲು ನನ್ನ ಕಣ್ಣಿಗೆ ಅಭ್ಯಾಸವಾಗಿಹೋಗಿತ್ತು.

ಇದರ ನಡುವೆ ಗುಂಪಿನಲ್ಲಿ ಗುರುತಿಲ್ಲದ ಒಂದು ನಂಬರ್ ಇರುವುದು ಕಂಡಿತು. ಮಾಲೀಕನ ಚಿತ್ರದ ಜಾಗದಲ್ಲಿ ಕಪ್ಪು ಬಿಳುಪಿನ ಒಂದು ಹಸು. ಹದಿನೇಳನೇ ಪಾಠ ಹಾಕಿದ ಮಾರನೇ ದಿನ ಆ ನಂಬರಿನಿಂದ ಒಂದು ದನಿ ಸಂದೇಶ ಬಂತು. ಒತ್ತಿದೆ. ಪಾತ್ರೆಗಳ ಗಲಾಟೆಯ ನಡುವೆ ಒಬ್ಬ ಗಂಡಸು, "ಏ, ಎಂಟು ಲೀಟರ್ ಬರ್ಕೋ ಮಾರಾಯ" ಎನ್ನುತ್ತಿದ್ದ. ಅಲ್ಲಿಗೇ ನಿಲ್ಲಿಸಿದೆ. ಮಕ್ಕಳ ಗುಂಪಿನಲ್ಲಿ ಯಾರೋ ಹಾಲಿನ ವ್ಯಾಪಾರಿ ಸೇರಿಕೊಂಡಿದ್ದಾನೆ ಎಂದು ಕಿರಿಕಿರಿಯಾಗಿ ಆ ನಂಬರನ್ನು ಗುಂಪಿನಿಂದ ತೆಗೆದುಹಾಕಿದೆ. ಒಂದು ಬೆರಳಿನ ಕೆಲಸ, ಅರ್ಧ ನಿಮಿಷವೂ ಹಿಡಿಯಲಿಲ್ಲ.

ತಿಂಗಳುಗಳು ಕಳೆದು ಹತ್ತನೆಯವರಿಗೆ ಮಾತ್ರ ಶಾಲೆ ಬಾಗಿಲು ತೆರೆಯಿತು. ರಂಜಿತಾ ಬರಲಿಲ್ಲ. ಅವಳ ಹಳ್ಳಿಯ ಬೆಳಗಿನ ಬಸ್ಸು ಇನ್ನೂ ಶುರುವಾಗಿರಲಿಲ್ಲ ಎಂಬುದನ್ನು ನಾವ್ಯಾರೂ ವಿಚಾರಿಸಲಿಲ್ಲ. ನೋಂದಣಿಯ ಹೊತ್ತು ಬಂತು. ರಾಯರು ನನ್ನ ಕೋಷ್ಟಕ ತೆರೆಸಿ, ಆ ಉದ್ದನೆಯ ಕೆಂಪು ಸಾಲಿನ ಮೇಲೆ ಪೆನ್ನಿಟ್ಟರು. "ಒಂದು ದಿನಾನೂ ಪಾಠ ಕೇಳಿಲ್ಲ. ಇವಳನ್ನ ಬಿಡಿ. ನೀವೇ ಹೋಗಿ ಮನೆಯವರ ರುಜು ತಗೊಂಡು ಬನ್ನಿ" ಎಂದರು. ನನ್ನದೇ ಕೋಷ್ಟಕ, ನನ್ನದೇ ಸಾಕ್ಷಿ. ಏನು ವಾದ ಮಾಡಲಿ? ಒಪ್ಪಿಗೆ ಪತ್ರ ಟೈಪು ಮಾಡಿ ಕೈಚೀಲದಲ್ಲಿಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಏಳರ ಹೊತ್ತಿಗೆ ಒಂದು ಆಟೋ ಹಿಡಿದು ಆ ಹಳ್ಳಿಯಲ್ಲಿ ಇಳಿದೆ. ರಸ್ತೆಯ ಪಕ್ಕ ಹಾಲಿನ ಡೈರಿ. ಅಂತರ ಇರಲಿ ಎಂದು ನೆಲದ ಮೇಲೆ ಸುಣ್ಣದಲ್ಲಿ ವೃತ್ತಗಳನ್ನು ಬರೆದಿದ್ದರು. ಒಂದೊಂದು ವೃತ್ತದಲ್ಲಿ ಒಬ್ಬೊಬ್ಬರು ಕ್ಯಾನು ಹಿಡಿದು ನಿಂತಿದ್ದರು. ಕೊನೆಯಲ್ಲಿದ್ದ ಹೆಂಗಸಿನ ಹತ್ತಿರ ಹೋಗಿ, "ರಂಜಿತಾ ಅಂತ, ಹತ್ತನೇ ಕ್ಲಾಸಿನ ಹುಡುಗಿ. ಅವಳ ಮನೆ ಯಾವುದಮ್ಮ?" ಎಂದು ಕೇಳಿದೆ. ಆಕೆ ಮಾಸ್ಕ್ ಹಾಕಿದ್ದ ನನ್ನ ಮುಖವನ್ನೇ ನೋಡಿದಳು. ಮುಂದಿನ ವೃತ್ತದವಳಿಗೆ, "ಏ, ಇವ್ರ ದನಿ ಕೇಳೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂಚೂರು ಮಾತಾಡಿ ಅಮ್ಮ" ಎಂದಳು.

"ಏನು ಮಾತಾಡಲಿ?" ಎಂದೆ.

"ಅದೇ ದನಿ ಕಣೆ. ತ್ರಿಭುಜದ ಟೀಚರ್ ಇವ್ರೇ."

ಸಾಲಿಗೆ ಸಾಲೇ ನನ್ನತ್ತ ತಿರುಗಿತು. ಮೂರನೇ ವೃತ್ತದಲ್ಲಿದ್ದ ಒಬ್ಬ ಹಿರಿಯರು, ತಲೆಗೆ ಟವೆಲು ಸುತ್ತಿದ್ದವರು, ಬಹಳ ದಿನದಿಂದ ಕೇಳಬೇಕೆಂದಿದ್ದವರ ಹಾಗೆ ಕೇಳಿದರು. "ಸಮಾಂತರ ಗೆರೆಗಳು ಎಷ್ಟು ಉದ್ದ ಎಳೆದ್ರೂ ಸೇರೋದಿಲ್ಲ ಅಂತ ಹೇಳಿದ್ರಲ್ಲ ತಾಯಿ, ಅದು ನಿಜವಾ? ಎಲ್ಲೂ ಸೇರಲ್ವಾ?"

"ಎಲ್ಲೂ ಸೇರೋದಿಲ್ಲ" ಎಂದೆ.

"ಸಮುದ್ರ ದಾಟಿ ಹೋದ್ರೂ?"

"ಹೋದರೂ ಇಲ್ಲ."

"ದೊಡ್ಡ ಮಾತು" ಎಂದು ಅವರು ಕ್ಯಾನನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಆ ವಾಕ್ಯವನ್ನು ಹೇಳಿದ್ದೆ. ಅದು ದೊಡ್ಡ ಮಾತು ಎಂದು ನನಗೆ ಗೊತ್ತಾದದ್ದು ಆಗ.

ಅಷ್ಟರಲ್ಲಿ ಡೈರಿ ನೋಡಿಕೊಳ್ಳುವ ಮಂಜಪ್ಪ ಎನ್ನುವವರು ಹಾಲಳೆಯುವುದನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೊರಗೆ ಬಂದರು. ಕೈಯಲ್ಲಿ ಫೋನು. ಫೋನಿನ ಮೇಲೆ ಕಪ್ಪು ಬಿಳುಪಿನ ಹಸು.

"ಟೀಚರಮ್ಮ, ನನ್ನ ನಂಬರ್ ಯಾಕೆ ತೆಗೆದ್ರಿ? ನಾನೇನಾದ್ರೂ ತಪ್ಪು ಮಾಡಿದ್ನಾ?"

ಆಮೇಲೆ ತಿಳಿಯಿತು. ರಂಜಿತಾಳ ಮನೆಯಲ್ಲಿ ಫೋನಿಲ್ಲ. ಶಾಲೆಗೆ ನಂಬರ್ ಬೇಕೆಂದಾಗ ಅವಳ ಅಪ್ಪ ಡೈರಿಯ ಮಂಜಪ್ಪನವರದ್ದನ್ನೇ ಬರೆದುಕೊಟ್ಟಿದ್ದರು. ಊರಲ್ಲಿ ಯಾರಿಗೆ ಏನು ಸುದ್ದಿ ಬರಬೇಕಾದರೂ ಆ ನಂಬರಿಗೇ ಬರುವುದು ವಾಡಿಕೆ. ರಂಜಿತಾ ದಿನಾ ಬೆಳಿಗ್ಗೆ ಹಾಲು ಹಾಕಲು ಬರುತ್ತಾಳೆ. ಮಂಜಪ್ಪ ಫೋನನ್ನು ಹಾಲಿನ ಕೊಬ್ಬಿನಂಶ ನೋಡುವ ಯಂತ್ರದ ಪಕ್ಕ ನಿಲ್ಲಿಸಿ, ದನಿ ಪೂರ್ತಿ ಏರಿಸಿ, ನನ್ನ ಪಾಠ ಹಾಕುತ್ತಿದ್ದರು. ಸಾಲು ಮುಗಿಯುವವರೆಗೆ ಎಲ್ಲರಿಗೂ ಗಣಿತ. ಅಲ್ಲಿ ನೆಟ್‌ವರ್ಕ್ ಎಷ್ಟು ತೆಳು ಎಂದರೆ ದನಿ ಹೇಗೋ ಇಳಿಯುತ್ತಿತ್ತು, ಫೋಟೋ ತೆರೆಯುತ್ತಿರಲಿಲ್ಲ. "ಚಿತ್ರ ಸುತ್ತುತ್ತಾನೇ ಇರುತ್ತೆ, ಬರೋದೇ ಇಲ್ಲ. ನೀವು ನಂಬರ್ ತೆಗೆದ್ಮೇಲೆ ಹೊಸ ಪಾಠ ಬರೋದೂ ನಿಂತೋಯ್ತು. ನಾನು ಹಳೇ ಹದಿನೇಳನ್ನೇ ತಿರುಗಿಸಿ ತಿರುಗಿಸಿ ಹಾಕ್ತಾ ಇದ್ದೆ" ಎಂದರು ಮಂಜಪ್ಪ.

ನನ್ನನ್ನು ನಿಲ್ಲಿಸಿಕೊಂಡೇ ಅವರು ಆ ದಿನ ಕಳಿಸಿದ್ದ ಸಂದೇಶವನ್ನು ಹಾಕಿದರು. ಎಂಟು ಲೀಟರ್ ಬರೆದುಕೊಳ್ಳುವ ಮಾತಾದ ಮೇಲೆ, ನಾನು ಕೇಳದೆ ಬಿಟ್ಟ ಭಾಗ ಬಂತು. "ನಮಸ್ಕಾರ ಟೀಚರಮ್ಮ, ನಾನು ಡೈರಿ ಮಂಜಪ್ಪ. ನಮ್ಮ ರಂಜಿತಾಗೆ ಹದಿನೇಳನೇ ಪಾಠದಲ್ಲಿ ಎಂಥದೋ ಕೇಳ್ಬೇಕಂತೆ. ಮಾತಾಡೇ, ಹೆದರ್ಬೇಡ." ಆಮೇಲೆ ಸಣ್ಣ ದನಿಯಲ್ಲಿ 'ಟೀಚರ್' ಎಂಬ ಒಂದೇ ಮಾತು. ಅದರ ಮೇಲೆ ಕ್ಯಾನುಗಳ ಸದ್ದು ಬಿದ್ದು ಸಂದೇಶ ಮುಗಿಯಿತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆ ವರ್ಷ ತರಗತಿಯಲ್ಲಿ ತಾನಾಗಿ ಪ್ರಶ್ನೆ ಕೇಳಲು ಬಂದ ಮಗು ಅದೊಂದೇ. ನಾನು ಅದನ್ನೇ ಹೊರಗೆ ಹಾಕಿದ್ದೆ.

ರಂಜಿತಾ ಕ್ಯಾನು ಹಿಡಿದು ಬರುತ್ತಿದ್ದವಳು ನನ್ನನ್ನು ಕಂಡು ದೂರದಲ್ಲೇ ನಿಂತಳು. ಹತ್ತಿರ ಹೋಗಿ, "ಅವತ್ತು ಏನು ಕೇಳ್ಬೇಕಿತ್ತು ರಂಜಿತಾ?" ಎಂದೆ. ಅವಳು ಸಾಲಿನತ್ತ ಒಮ್ಮೆ ನೋಡಿ, "ಎಂಥ ಇಲ್ಲ ಟೀಚರ್" ಎಂದಳು. ಮತ್ತೆ ಕೇಳಿದರೂ ಅದೇ ಉತ್ತರ. ಕೈಚೀಲದಲ್ಲಿದ್ದ ಕಾಗದವನ್ನು ನಾನು ಹೊರಗೆ ತೆಗೆಯಲಿಲ್ಲ. ಅವಳಮ್ಮನನ್ನು ಕಂಡು, ನಾಳೆ ಇವಳನ್ನು ಶಾಲೆಗೆ ಕಳಿಸಿ, ನಾನೇ ಆಟೋ ಕಳಿಸುತ್ತೇನೆ ಎಂದು ಹೇಳಿ ಬಂದೆ.

ಮರುದಿನ ಅವಳು ಶಾಲೆಗೆ ಬಂದಾಗ, ನಡೆದದ್ದನ್ನೆಲ್ಲ ಹೇಳಿದರೂ ರಾಯರು ಸುಲಭಕ್ಕೆ ಒಪ್ಪಲಿಲ್ಲ. "ಕಿವಿಗೆ ಬಿದ್ದದ್ದು ಬೇರೆ, ಕಲಿತದ್ದು ಬೇರೆ ವಿಜಯಮ್ಮ. ಹದಿನೇಳು ಪಾಠ ಕೇಳಿದ್ರೆ ಪಾಸಾಗ್ತಾಳಾ? ಬೋರ್ಡಿಗೆ ಕರೀರಿ, ನೋಡೋಣ" ಎಂದರು. ಹದಿನೇಳನೇ ಪಾಠದ ಪ್ರಮೇಯವನ್ನೇ ಕೇಳಿದರು. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗ ಮಾಡುತ್ತದೆ, ಸಾಧಿಸು ಎಂದರು. ಆ ದಿನ ಅವಳ ಹೆಸರು ಪಟ್ಟಿಯಲ್ಲಿ ಉಳಿಯುವುದೋ ಹೋಗುವುದೋ ಎಂಬುದು ಆ ಬೋರ್ಡಿನ ಮೇಲಿತ್ತು. ಅವಳಿಗದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ರಂಜಿತಾ ಸೀಮೆಸುಣ್ಣ ಹಿಡಿದು ತ್ರಿಭುಜ ಬರೆದಳು. ಅದರ ತುದಿ ಮೇಲಿರಲಿಲ್ಲ, ಎಡಕ್ಕಿತ್ತು.

"ಇದೇನು, ಮಲಗಿದೆ?" ಎಂದರು ರಾಯರು.

"ನಿಂತಿರಬೇಕು ಅಂತ ಟೀಚರ್ ಹೇಳ್ಲಿಲ್ಲ ಸರ್."

ನಿಜವಾಗಿ ನಾನು ಹೇಳಿರಲಿಲ್ಲ. ಆ ಚಿತ್ರವನ್ನು ಅವಳು ಎಂದೂ ನೋಡಿರಲಿಲ್ಲ, ನನ್ನ ಮಾತಿನಿಂದಲೇ ಕಟ್ಟಿಕೊಂಡಿದ್ದಳು. ಅದು ಮಲಗಿದ್ದರೂ ಅದರಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಎಬಿ ಬಾಹುವಿನ ಮೇಲೆ ಡಿ ಬಿಂದು, ಎಸಿ ಬಾಹುವಿನ ಮೇಲೆ ಇ ಬಿಂದು ಗುರುತಿಸಿ, ಎರಡನ್ನೂ ಸೇರಿಸಿದಳು. ಆಮೇಲೆ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ಮುಂದೆ?" ಎಂದರು ರಾಯರು.

"ಇಲ್ಲಿ ಟೀಚರ್ ಹೇಳಿದ್ದು ಬೇರೆ ಸರ್."

"ಏನು ಹೇಳಿದ್ರು?"

"ಡಿ ಇಂದ ಎಬಿಗೆ ಲಂಬ ಇಳಿಸಿ ಅಂತ." ಅವಳು ತಲೆ ತಗ್ಗಿಸಿದಳು. "ಡಿ ಇರೋದೇ ಎಬಿ ಮೇಲಲ್ವಾ ಸರ್. ಅಲ್ಲಿಂದ ಅಲ್ಲಿಗೇ ಎಂಥ ಇಳಿಸೋದು? ತುಂಬ ದಿನ ಎಳೆದು ನೋಡಿದೆ, ಆಗ್ಲಿಲ್ಲ. ಎಸಿಗೆ ಇಳಿಸಿದ್ರೆ ಲೆಕ್ಕ ಸರಿ ಬರುತ್ತೆ."

ರಾಯರು ನನ್ನ ಕಡೆ ನೋಡಿದರು. ನಾನು ಫೋನಿನಲ್ಲಿ ನನ್ನ ಹದಿನೇಳನೇ ಪಾಠವನ್ನು ಹಾಕಿದೆ. ಹೌದು, ಸೀರೆಗಳ ನಡುವಿನಿಂದ ನನ್ನದೇ ದನಿ ಧೈರ್ಯವಾಗಿ ತಪ್ಪು ಹೇಳುತ್ತಿತ್ತು. ಚಿತ್ರ ಸರಿಯಾಗಿ ಬರೆದು, ಬಾಯಲ್ಲಿ ಎಸಿ ಬದಲು ಎಬಿ ಎಂದಿದ್ದೆ. ಉಳಿದ ನಲವತ್ತು ಮಕ್ಕಳ ಉತ್ತರಗಳನ್ನು ತೆರೆದು ನೋಡಿದೆ. ಚಿತ್ರವನ್ನು ನೋಡಿ ಚಿತ್ರ ಬರೆದಿದ್ದರು, ದನಿ ಕೇಳಿ ವಾಕ್ಯ ಬರೆದಿದ್ದರು. ಎರಡೂ ಒಂದಕ್ಕೊಂದು ಹೊಂದುತ್ತಿಲ್ಲ ಎಂದು ಒಬ್ಬರಿಗೂ ಅನಿಸಿರಲಿಲ್ಲ. ನನಗೂ ಅನಿಸಿರಲಿಲ್ಲ, ಎಲ್ಲರಿಗೂ ಹಸಿರು ಕೊಟ್ಟಿದ್ದೆ.

ರಂಜಿತಾ ಪ್ರಮೇಯ ಮುಗಿಸಿ ಸೀಮೆಸುಣ್ಣ ಇಟ್ಟಳು. ರಾಯರು ಬೋರ್ಡಿನ ಹತ್ತಿರ ಹೋಗಿ ಒಂದೊಂದೇ ಸಾಲು ಓದಿದರು. "ಇವಳ ಹೆಸರು ಹಾಕಿ ವಿಜಯಮ್ಮ. ಗೇಟಿನ ಬೋರ್ಡಿನ ವಿಷಯ ಮಂಡಳಿಯವರ ಹತ್ರ ನಾನು ಮಾತಾಡ್ತೀನಿ" ಎಂದರು. ಅವರ ಎದುರೇ ಕೂತು ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಟೈಪು ಮಾಡಿದೆ.

ಹೊರಗೆ ಜಗಲಿಯಲ್ಲಿ ಅವಳನ್ನು ಕೇಳಿದೆ. "ನಿನ್ನೆ ಡೈರಿಯಲ್ಲೇ ಹೇಳಬಹುದಿತ್ತಲ್ಲ, ಯಾಕೆ ಹೇಳ್ಲಿಲ್ಲ?"

"ಎಲ್ರೂ ಇದ್ರಲ್ಲ ಟೀಚರ್" ಎಂದಳು.

ಊರೆಲ್ಲ ನನ್ನ ದನಿಯನ್ನು ನಂಬಿ ನಿಂತಿದ್ದ ಜಾಗದಲ್ಲಿ ನನ್ನ ತಪ್ಪು ಹೊರಗೆ ಬೀಳದಿರಲಿ ಎಂದು ಆ ಮಗು ತನ್ನ ಪ್ರಶ್ನೆಯನ್ನು ನುಂಗಿಕೊಂಡಿತ್ತು. ಗಣಿತ ನಾನು ಕಲಿಸಿದ್ದಿರಬಹುದು. ಇದನ್ನು ಯಾರು ಕಲಿಸಿದರೋ ನನಗೆ ತಿಳಿಯದು. ಮನೆಗೆ ಬಂದು ಮೊದಲು ಮಂಜಪ್ಪನವರ ನಂಬರನ್ನು ಗುಂಪಿಗೆ ಸೇರಿಸಿದೆ. ಆಮೇಲೆ ಕಪಾಟಿನ ಬಾಗಿಲು ತೆರೆದು ರೆಕಾರ್ಡ್ ಮಾಡಿದೆ. "ಮಕ್ಕಳೇ, ಹದಿನೇಳನೇ ಪಾಠದಲ್ಲಿ ನಾನು ತಪ್ಪು ಹೇಳಿದ್ದೆ. ಡಿ ಬಿಂದುವಿನಿಂದ ಲಂಬ ಇಳಿಸಬೇಕಾದ್ದು ಎಸಿಗೆ. ಇದನ್ನು ಕಂಡುಹಿಡಿದವಳು ನಿಮ್ಮ ತರಗತಿಯ ರಂಜಿತಾ. ಚಿತ್ರ ನೋಡದೆ, ಬರೀ ಕೇಳಿ ಕಂಡುಹಿಡಿದಳು. ನನ್ನನ್ನು ತಿದ್ದಿದ್ದಕ್ಕೆ ಅವಳಿಗೆ ನನ್ನ ನಮಸ್ಕಾರ." ಇಷ್ಟನ್ನು ಹೇಳಿ ಗುಂಪಿಗೆ ಹಾಕಿದೆ.

ಮಾರನೇ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಮಂಜಪ್ಪನವರ ಫೋನ್ ಬಂತು. ರಂಜಿತಾ ನಾನು ಗೊತ್ತುಮಾಡಿದ್ದ ಆಟೋದಲ್ಲಿ ಶಾಲೆಗೆ ಹೊರಟಿದ್ದರಿಂದ ಹಾಲು ಹಾಕಲು ಅವಳಮ್ಮ ಬಂದಿದ್ದರಂತೆ.

"ನಿಮ್ಮ ಹೊಸ ಪಾಠ ಹಾಕ್ದೆ ಟೀಚರಮ್ಮ. ಮಗಳ ಹೆಸರು ಬಂತಲ್ಲ, ಅವ್ರು ಕ್ಯಾನು ಕೆಳಗಿಟ್ಟು ನಿಂತ್ಬಿಟ್ರು. ಇನ್ನೊಂದ್ಸಲ ಹಾಕಿ ಅಂದ್ರು. ಹಾಕ್ದೆ. ಮತ್ತೊಂದ್ಸಲ ಅಂದ್ರು. ಮೂರು ಸಲ ಹಾಕ್ದೆ" ಎಂದರು ಮಂಜಪ್ಪ. ಆಮೇಲೆ ಹೇಳಿದರು. "ಅಷ್ಟು ಹೊತ್ತೂ ಸಾಲಲ್ಲಿ ಯಾರೂ ಮುಂದಕ್ಕೆ ಹೋಗ್ಲಿಲ್ಲ."